ವಿದ್ಯಾರ್ಥಿ ಸಂಘದ ಖಜಾಂಚಿ: ಹೊಣೆ, ಲೆಕ್ಕಪತ್ರ ಮತ್ತು ನಂಬಿಕೆ

ಬೆಂಗಳೂರಿನ ಉತ್ತರ ಭಾಗದಲ್ಲಿ ಓದುತ್ತಿರುವ ನಮ್ಮ ಯುವಜನರಿಗೂ ಅವರ ಮಾರ್ಗದರ್ಶಕರಿಗೂ ಒಂದು ಕೈಪಿಡಿ

ಪ್ರತಿ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದು, ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಕರಾವಳಿಯ ಚರ್ಚುಗಳ ಅನೇಕ ಯುವಕ ಯುವತಿಯರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅವರಲ್ಲಿ ಹಲವರು ಯಶವಂತಪುರದಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಹಾಸ್ಟೆಲು ಹಾಗೂ ಪಿ.ಜಿ.ಗಳಿಗೆ ಸೇರುತ್ತಾರೆ. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣ, 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಯಶವಂತಪುರದ ಪಕ್ಕದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆ, 2001ರಲ್ಲಿ ಯಲಹಂಕದಲ್ಲಿ ಶುರುವಾದ ನಿಟ್ಟೆ ಮೀನಾಕ್ಷಿ ತಾಂತ್ರಿಕ ವಿದ್ಯಾಲಯ ಹೀಗೆ ಈ ಭಾಗದಲ್ಲಿ ವಿದ್ಯಾಸಂಸ್ಥೆಗಳಿಗೆ ಕೊರತೆಯಿಲ್ಲ.

ಊರಿನಲ್ಲಿ ಐಸಿವೈಎಂ, ವೈಸಿಎಸ್ ಘಟಕಗಳಲ್ಲಿ ಬೆಳೆದವರು ಇಲ್ಲಿಯೂ ಒಂದು ಗುಂಪನ್ನು ಹುಡುಕುತ್ತಾರೆ. ಇಲ್ಲವಾದರೆ ತಾವೇ ಕಟ್ಟಿಕೊಳ್ಳುತ್ತಾರೆ. ಮೊದಲ ಸಭೆಯಲ್ಲಿ ಅಧ್ಯಕ್ಷರು, ಕಾರ್ಯದರ್ಶಿಗಳ ಆಯ್ಕೆಯಾಗುತ್ತದೆ. ಕೊನೆಗೆ ಯಾರೂ ಕೈ ಎತ್ತದ ಹುದ್ದೆಯೊಂದು ಉಳಿಯುತ್ತದೆ, ಅದೇ ಖಜಾಂಚಿ ಹುದ್ದೆ. 'ನೀನು ಬಿ.ಕಾಂ. ಅಲ್ಲವೇ, ನೀನೇ ಆಗು' ಎಂಬ ಒಂದು ಮಾತಿನಲ್ಲಿ ಹತ್ತೊಂಬತ್ತರ ಹರೆಯದ ಒಬ್ಬರ ಕೈಗೆ ಇತರರ ಹಣ ಬಂದು ಸೇರುತ್ತದೆ. ಆ ಹಣವನ್ನು ಹೇಗೆ ಕಾಪಾಡಬೇಕು, ಹೇಗೆ ಬರೆದಿಡಬೇಕು, ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದನ್ನು ಹೇಳಿಕೊಡುವವರು ಕಡಿಮೆ. ಆ ಕೊರತೆಯನ್ನು ಸ್ವಲ್ಪ ಮಟ್ಟಿಗಾದರೂ ನೀಗಿಸುವ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಹಣ ಸಣ್ಣದು, ಹೊಣೆ ಸಣ್ಣದಲ್ಲ

ವಿದ್ಯಾರ್ಥಿ ಗುಂಪಿನ ವರ್ಷದ ವ್ಯವಹಾರ ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ದಾಟುವುದು ಅಪರೂಪ. ಆದರೆ ಇಂತಹ ಗುಂಪುಗಳು ಒಡೆಯುವುದು ಹೆಚ್ಚಾಗಿ ದೊಡ್ಡ ಸಿದ್ಧಾಂತಗಳಿಗಾಗಿ ಅಲ್ಲ. 'ಕ್ರಿಸ್ಮಸ್ ಹಣ ಏನಾಯಿತು?' ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದಾಗ ಒಡೆಯುತ್ತವೆ. ಹಣ ಕದ್ದವರು ಯಾರೂ ಇರದೆ, ಬರೆದಿಡದೆ ಹೋದದ್ದಷ್ಟೇ ಕಾರಣವಾಗಿರಬಹುದು. ಆದರೂ ಸಂಶಯದ ಹೊರೆ ಹೊತ್ತ ಯುವಕನೋ ಯುವತಿಯೋ ಮೊದಲು ಸಭೆಗೆ ಬರುವುದನ್ನು ನಿಲ್ಲಿಸುತ್ತಾರೆ, ಆಮೇಲೆ ಭಾನುವಾರದ ಬಲಿಪೂಜೆಯನ್ನೂ ತಪ್ಪಿಸುತ್ತಾರೆ. ನಾಲ್ಕಾರು ಸಾವಿರ ರೂಪಾಯಿಯ ಗೊಂದಲಕ್ಕೆ ಒಬ್ಬ ಯುವ ವ್ಯಕ್ತಿಯ ಒಳ್ಳೆಯ ಹೆಸರು ಬಲಿಯಾಗುವುದು ನಮಗೆ ಬಹಳ ದೊಡ್ಡ ನಷ್ಟ.

ಆದುದರಿಂದ ಲೆಕ್ಕ ಬರೆಯುವುದು ಯಾರ ಮೇಲೋ ಅಪನಂಬಿಕೆ ಇರುವುದರಿಂದ ಅಲ್ಲ. ಖಜಾಂಚಿಯ ಹೆಸರನ್ನೂ ಗುಂಪಿನ ಒಗ್ಗಟ್ಟನ್ನೂ ಕಾಯುವುದಕ್ಕಾಗಿ. ಈ ಒಂದು ಮಾತು ಮನಸ್ಸಿಗೆ ಬಂದರೆ ಮುಂದಿನ ನಿಯಮಗಳೆಲ್ಲವೂ ಸುಲಭವಾಗಿ ಅರ್ಥವಾಗುತ್ತವೆ.

ಬೈಬಲ್ ಮತ್ತು ಧರ್ಮಸಭೆಯ ದಾರಿ

ಶುಭಸಂದೇಶಗಳಲ್ಲಿ ನಮಗೆ ಸಿಗುವ ಮೊದಲ ಖಜಾಂಚಿ ಯೂದ ಇಸ್ಕಾರಿಯೋತ. ಶಿಷ್ಯರ ಹಣದ ಚೀಲ ಅವನ ಬಳಿ ಇತ್ತೆಂದೂ, ಅದರಲ್ಲಿ ಹಾಕಿದ್ದನ್ನು ಅವನು ತೆಗೆದುಕೊಳ್ಳುತ್ತಿದ್ದನೆಂದೂ ಸಂತ ಯೊವಾನ್ನರು (12:6) ಬರೆದಿದ್ದಾರೆ. ಇದಕ್ಕೆ ಎದುರಾಗಿ ಸಂತ ಪೌಲರ ಉದಾಹರಣೆಯಿದೆ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಂಗ್ರಹವಾದ ಹಣವನ್ನು ತಲುಪಿಸುವಾಗ ಅವರು ಒಬ್ಬರನ್ನೇ ಕಳುಹಿಸಲಿಲ್ಲ. ಸಭೆಗಳು ಆರಿಸಿದ ಸಹೋದರರನ್ನೂ ಜೊತೆಗೆ ಸೇರಿಸಿಕೊಂಡರು. ಇಷ್ಟು ದೊಡ್ಡ ಕಾಣಿಕೆಯ ವಿಷಯದಲ್ಲಿ ಯಾರೂ ತಪ್ಪು ಹೊರಿಸುವಂತಾಗಬಾರದು, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ವ್ಯವಹಾರ ಸರಿಯಾಗಿರಬೇಕು ಎಂಬುದು ಅವರ ಆಶಯವಾಗಿತ್ತು (2 ಕೊರಿಂಥ, 8ನೇ ಅಧ್ಯಾಯ). ಎರಡು ಸಹಿ, ಎರಡು ಜೋಡಿ ಕಣ್ಣು ಎಂಬ ಇಂದಿನ ಬ್ಯಾಂಕಿನ ನಿಯಮದ ಹಿಂದೆ ಇರುವುದೂ ಇದೇ ವಿವೇಕ.

ನಮ್ಮ ಕರಾವಳಿಯ ಭಕ್ತರಿಗೆ ಇನ್ನೊಬ್ಬ ಖಜಾಂಚಿಯನ್ನು ನೆನಪಿಸಬೇಕಾಗಿಲ್ಲ. 2016ರಲ್ಲಿ ಬಸಿಲಿಕವಾದ ಕಾರ್ಕಳ ಅತ್ತೂರಿನ ಪುಣ್ಯಕ್ಷೇತ್ರ ಯಾರ ಹೆಸರಿನಲ್ಲಿದೆಯೋ ಆ ಸಂತ ಲಾರೆನ್ಸರು ರೋಮಿನ ಧರ್ಮಸಭೆಯ ಸೇವಾದರ್ಶಿಯಾಗಿದ್ದು, ಸಭೆಯ ಸೊತ್ತನ್ನು ನೋಡಿಕೊಳ್ಳುವ ಹೊಣೆ ಅವರದಾಗಿತ್ತು. ಕ್ರಿ.ಶ. 258ರಲ್ಲಿ, ವಲೇರಿಯನ್ ಚಕ್ರವರ್ತಿಯ ಕಾಲದ ಹಿಂಸೆಯಲ್ಲಿ, ಅಧಿಕಾರಿಗಳು ಸಭೆಯ ಸಂಪತ್ತನ್ನು ಒಪ್ಪಿಸುವಂತೆ ಕೇಳಿದಾಗ ಅವರು ಇದ್ದುದನ್ನೆಲ್ಲ ಬಡವರಿಗೆ ಹಂಚಿ, ಆ ಬಡವರನ್ನೇ ಮುಂದೆ ನಿಲ್ಲಿಸಿ ಇವರೇ ಸಭೆಯ ಸಂಪತ್ತು ಎಂದು ತೋರಿಸಿದರೆಂಬುದು ಪರಂಪರೆ. ಪ್ರತಿ ಆಗಸ್ಟ್ 10ರಂದು ಧರ್ಮಸಭೆ ಅವರನ್ನು ಸ್ಮರಿಸುತ್ತದೆ. ವಿದ್ಯಾರ್ಥಿ ಖಜಾಂಚಿಗಳಿಗೆ ಇವರಿಗಿಂತ ಒಳ್ಳೆಯ ಪಾಲಕರು ಬೇರೆ ಬೇಕಿಲ್ಲ.

1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿಯೂ ಸ್ಪಷ್ಟ ಸೂಚನೆಗಳಿವೆ. ಒಂದು ನಿರ್ದಿಷ್ಟ ಉದ್ದೇಶಕ್ಕೆ ಭಕ್ತರು ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಮಾತ್ರ ಬಳಸಬೇಕು (ನಿಯಮ 1267). ಸೊತ್ತಿನ ಆಡಳಿತ ನಡೆಸುವವರು ಜಮಾ ಖರ್ಚಿನ ಪುಸ್ತಕಗಳನ್ನು ಕ್ರಮವಾಗಿ ಇಟ್ಟು, ವರ್ಷದ ಕೊನೆಗೆ ವರದಿ ತಯಾರಿಸಬೇಕು (ನಿಯಮ 1284). ಭಕ್ತರು ಕೊಟ್ಟ ಕಾಣಿಕೆಗಳ ಲೆಕ್ಕವನ್ನು ಭಕ್ತರಿಗೆ ತಿಳಿಸಬೇಕು (ನಿಯಮ 1287). ಧಾರ್ಮಿಕ ಉದ್ದೇಶಕ್ಕಾಗಿ ಖಾಸಗಿಯಾಗಿ ಹಣ ಸಂಗ್ರಹಿಸಲು ಧರ್ಮಾಧಿಕಾರಿಗಳ ಲಿಖಿತ ಅನುಮತಿ ಬೇಕು (ನಿಯಮ 1265). ಕಾಲೇಜಿನ ಒಂದು ಚಿಕ್ಕ ಗುಂಪಿಗೆ ಈ ನಿಯಮಗಳೆಲ್ಲವೂ ಅಕ್ಷರಶಃ ಅನ್ವಯವಾಗದೆ ಇರಬಹುದು. ಆದರೂ ನಡತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು. ಯಾವುದೇ ಚರ್ಚಿನ ಅಂಗಳದಲ್ಲಿ ಕೂಪನ್ ಮಾರುವ ಮೊದಲು ಅಲ್ಲಿನ ಪ್ರಧಾನ ಧರ್ಮಗುರುಗಳನ್ನು ಕಂಡು ಮಾತನಾಡಿ, ಅಗತ್ಯವಿರುವ ಲಿಖಿತ ಅನುಮತಿಯನ್ನು ಪಡೆದುಕೊಳ್ಳಲೇಬೇಕು.

ಯಾವ ಸಂಘಟನೆಯ ಗುಂಪು?

ಕೆಲಸ ಆರಂಭಿಸುವ ಮುನ್ನ ತಮ್ಮ ಗುಂಪು ಯಾವ ಸಂಘಟನೆಗೆ ಸೇರಿದ್ದೆಂದು ಖಜಾಂಚಿ ತಿಳಿದಿರಬೇಕು. ಕಥೋಲಿಕ ಕಾಲೇಜು ವಿದ್ಯಾರ್ಥಿಗಳಿಗಾಗಿ 1924ರಲ್ಲಿ ಆರಂಭವಾದ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾಲಯ ಒಕ್ಕೂಟ (ಐಕಫ್) ಇದೆ. ವಿವಿಧ ಸಭೆಗಳ ವಿದ್ಯಾರ್ಥಿಗಳು ಕೂಡುವ, 1912ರಲ್ಲಿ ಹುಟ್ಟಿದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಆಫ್ ಇಂಡಿಯಾದ ಕೇಂದ್ರ ಕಚೇರಿ ಬೆಂಗಳೂರಿನ ಮಿಷನ್ ರಸ್ತೆಯಲ್ಲೇ ಇದೆ. 1954ರಲ್ಲಿ ಸ್ಥಾಪನೆಯಾದ ಯೂನಿಯನ್ ಆಫ್ ಇವ್ಯಾಂಜಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ ಪ್ರೊಟೆಸ್ಟೆಂಟ್ ಹಿನ್ನೆಲೆಯದು. ಇವಲ್ಲದೆ ಧರ್ಮಕೇಂದ್ರದ ಯುವ ಘಟಕಗಳೂ, ಒಂದೇ ಹಾಸ್ಟೆಲಿನಲ್ಲಿ ಜಪಸರ ಹೇಳಲು ಕೂಡುವ ಹೆಸರಿಲ್ಲದ ಗುಂಪುಗಳೂ ಇರುತ್ತವೆ.

ದೊಡ್ಡ ಸಂಘಟನೆಯ ಘಟಕವಾಗಿದ್ದರೆ ಅದರ ನಿಯಮಾವಳಿಯೇ ಮೊದಲ ಮಾತು. ಸದಸ್ಯತ್ವ ಶುಲ್ಕದಲ್ಲಿ ಎಷ್ಟು ಭಾಗ ಮೇಲಿನ ಹಂತಕ್ಕೆ ಹೋಗಬೇಕು, ಲೆಕ್ಕದ ವರ್ಷ ಜೂನ್‌ನಿಂದ ಮೇವರೆಗೋ ಏಪ್ರಿಲ್‌ನಿಂದ ಮಾರ್ಚ್‌ವರೆಗೋ, ಸಹಿ ಹಾಕಬೇಕಾದವರು ಯಾರು ಎಂಬುದನ್ನು ಓದಿ ಗುರುತು ಹಾಕಿಕೊಳ್ಳಬೇಕು. ಯಾವ ಸಂಘಟನೆಗೂ ಸೇರದ ಗುಂಪಾದರೆ, ಒಂದು ಪುಟದಷ್ಟಾದರೂ ಹಣಕಾಸಿನ ನಿಯಮಗಳನ್ನು ಸಭೆಯಲ್ಲಿ ಒಪ್ಪಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು.

ಅಧಿಕಾರ ವಹಿಸಿಕೊಳ್ಳುವ ದಿನ

ಹಳೆಯ ಖಜಾಂಚಿಯಿಂದ ಹೊಸ ಖಜಾಂಚಿ ಏನನ್ನು ಪಡೆದರು ಎಂಬುದು ಬರಹದಲ್ಲಿರಬೇಕು. ನಗದು ಪುಸ್ತಕ, ರಸೀದಿ ಪುಸ್ತಕಗಳು (ಬಳಸಿದವು ಮತ್ತು ಬಳಸದವು, ಕ್ರಮಸಂಖ್ಯೆ ಸಹಿತ), ವೋಚರುಗಳ ಕಡತ, ಪಾಸ್‌ಬುಕ್, ಚೆಕ್ ಪುಸ್ತಕ, ಕೈಯಲ್ಲಿರುವ ನಗದು, ಇನ್ನೂ ಕೊಡಬೇಕಾದ ಬಾಕಿ, ಬರಬೇಕಾದ ಬಾಕಿ ಇವುಗಳ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಬೇಕು. ಸಚೇತಕರು ಸಾಕ್ಷಿಯಾಗಿ ಸಹಿ ಮಾಡುವುದು ಉತ್ತಮ. ನಗದನ್ನು ಇಬ್ಬರ ಎದುರೇ ಎಣಿಸಬೇಕು. 'ಅಣ್ಣ ಕೊಟ್ಟದ್ದು, ಎಣಿಸುವುದು ಹೇಗೆ' ಎಂಬ ಸಂಕೋಚ ಬೇಡ. ಎಣಿಸಿದರೆ ಕೊಟ್ಟ ಅಣ್ಣನಿಗೂ ರಕ್ಷಣೆ.

ವಿದ್ಯಾರ್ಥಿ ಗುಂಪುಗಳಲ್ಲಿ ಈ ಹೆಜ್ಜೆ ಬಹಳ ಮುಖ್ಯ, ಏಕೆಂದರೆ ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ಹಳೆಯ ಖಜಾಂಚಿ ಪುಣೆಗೋ ದುಬೈಗೋ ಹೋಗಿರುತ್ತಾರೆ. ಅನಂತರ ಕೇಳಲು ಯಾರೂ ಇರುವುದಿಲ್ಲ. ಆದ್ದರಿಂದ ಕೊನೆಯ ವರ್ಷದವರನ್ನು ಖಜಾಂಚಿಯಾಗಿ ಆರಿಸುವುದಕ್ಕಿಂತ ಒಂದು ವರ್ಷ ಉಳಿದಿರುವವರನ್ನು ಆರಿಸಿ, ಕಿರಿಯ ತರಗತಿಯ ಒಬ್ಬರನ್ನು ಸಹ ಖಜಾಂಚಿಯಾಗಿ ಜೊತೆಗಿಡುವುದು ಜಾಣತನ.

ಬ್ಯಾಂಕ್ ಖಾತೆ ಮತ್ತು ಮೊಬೈಲ್ ಫೋನ್

2016ರಲ್ಲಿ ಯುಪಿಐ ಬಂದ ನಂತರ ವಿದ್ಯಾರ್ಥಿ ಗುಂಪುಗಳ ಹಣದ ಪೆಟ್ಟಿಗೆ ಖಜಾಂಚಿಯ ಫೋನಾಗಿದೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಮನೆಯಿಂದ ಬಂದ ಮೆಸ್ ಹಣ, ಗೆಳೆಯ ಹಿಂತಿರುಗಿಸಿದ ಸಾಲ, ಧ್ಯಾನಕೂಟದ ಶುಲ್ಕ ಎಲ್ಲವೂ ಒಂದೇ ಖಾತೆಗೆ ಬಿದ್ದರೆ ತಿಂಗಳ ಕೊನೆಯಲ್ಲಿ ಯಾವುದು ಯಾರದೆಂದು ಬೇರ್ಪಡಿಸುವುದು ಕಷ್ಟ. ಖಾತೆಯಲ್ಲಿ ಹಣ ಕಾಣುತ್ತಿದೆಯೆಂದು ತಿಳಿಯದೆಯೇ ಖರ್ಚು ಮಾಡುವವರೂ ಇದ್ದಾರೆ. ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ಗುಂಪಿನ ಹೆಸರಿನಲ್ಲೇ ಖಾತೆ. ನೋಂದಣಿಯಾಗದ ಸಂಘಕ್ಕೂ ಬ್ಯಾಂಕುಗಳು ಖಾತೆ ತೆರೆಯಬಹುದು. ಅದಕ್ಕೆ ಸಮಿತಿಯ ನಿರ್ಣಯದ ಪ್ರತಿ, ವ್ಯವಹಾರ ನಡೆಸುವವರಿಗೆ ಕೊಟ್ಟ ಅಧಿಕಾರ ಪತ್ರ, ಸಂಘದ ಪ್ಯಾನ್ ಅಥವಾ ಫಾರ್ಮ್ 60ರಂತಹ ಘೋಷಣೆ, ಸಹಿದಾರರ ಗುರುತಿನ ದಾಖಲೆಗಳನ್ನು ಕೇಳುತ್ತಾರೆ. ಸಹಿದಾರರು 18 ವರ್ಷ ತುಂಬಿದವರಾಗಿರಬೇಕು. ಖಜಾಂಚಿಯೊಂದಿಗೆ ಅಧ್ಯಕ್ಷರು ಅಥವಾ ಸಚೇತಕರು ಸೇರಿ ಜಂಟಿ ಸಹಿ ಇರಬೇಕು. ಜಂಟಿ ಸಹಿಯ ಖಾತೆಯಿಂದ ಯುಪಿಐ ಮೂಲಕ ಹಣ ಕಳುಹಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ಹಣ ಪಡೆಯಲು ಬ್ಯಾಂಕಿನಿಂದಲೇ ಕ್ಯೂಆರ್ ಫಲಕ ಸಿಗುವುದೇ ಎಂದು ವಿಚಾರಿಸಬಹುದು.

ಎರಡನೆಯದು, ಧರ್ಮಕೇಂದ್ರದ ಅಥವಾ ಮಾತೃ ಸಂಘಟನೆಯ ಖಾತೆಯನ್ನೇ ಬಳಸಿ ಅಲ್ಲಿ ಗುಂಪಿನ ಹೆಸರಿನಲ್ಲಿ ಪ್ರತ್ಯೇಕ ಲೆಕ್ಕ ಇಡುವುದು. ಸಣ್ಣ ಗುಂಪುಗಳಿಗೆ ಇದೇ ಹೆಚ್ಚು ಸುರಕ್ಷಿತ.

ಮೂರನೆಯದು, ಬೇರೆ ದಾರಿಯೇ ಇಲ್ಲದಾಗ, ಖಜಾಂಚಿಯ ಹೆಸರಿನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆದು ಅದನ್ನು ಗುಂಪಿನ ಹಣಕ್ಕೆ ಮಾತ್ರ ಮೀಸಲಿಡುವುದು. ಇದನ್ನು ಸಭೆಯ ನಿರ್ಣಯವಾಗಿ ಬರೆದು, ಪ್ರತಿ ತಿಂಗಳು ಆ ಖಾತೆಯ ವಿವರವನ್ನು ಸಮಿತಿಗೆ ತೋರಿಸಬೇಕು. ಬ್ಯಾಂಕಿನ ದೃಷ್ಟಿಯಲ್ಲಿ ಅದು ಖಜಾಂಚಿಯ ಸ್ವಂತ ಹಣವೇ ಆಗಿರುವುದರಿಂದ ಹೆಚ್ಚು ಮೊತ್ತವನ್ನು ಅಲ್ಲಿ ಇಡಬಾರದು. ದಿನನಿತ್ಯದ ವೈಯಕ್ತಿಕ ಖಾತೆಯಲ್ಲಿ ಗುಂಪಿನ ಹಣ ಬೆರೆಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬಾರದು.

ರಸೀದಿ, ವೋಚರ್, ನಗದು ಪುಸ್ತಕ

ಖಜಾಂಚಿಗೆ ಬೇಕಾಗಿರುವುದು ಮೂರು ವಸ್ತುಗಳು: ಕ್ರಮಸಂಖ್ಯೆಯುಳ್ಳ ರಸೀದಿ ಪುಸ್ತಕ, ವೋಚರುಗಳನ್ನು ಅಂಟಿಸಿಡಲು ಒಂದು ಕಡತ, ಮತ್ತು ರಟ್ಟು ಹಾಕಿದ ಒಂದು ನಗದು ಪುಸ್ತಕ. ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ಇಟ್ಟರೂ ಸರಿ, ಆದರೆ ತಿಂಗಳಿಗೊಮ್ಮೆ ಮುದ್ರಿಸಿ ಸಹಿ ಹಾಕಿಸಿಡಬೇಕು.

ಬಂದ ಪ್ರತಿಯೊಂದು ಮೊತ್ತಕ್ಕೂ ರಸೀದಿ ಕೊಡಬೇಕು. ಯುಪಿಐ ಮೂಲಕ ಬಂದರೂ ಕೊಡಬೇಕು. ಫೋನಿನ ಸಂದೇಶ ಹಣ ಬಂತೆಂದು ಹೇಳುತ್ತದೆ, ಯಾವುದಕ್ಕಾಗಿ ಬಂತೆಂದು ಹೇಳುವುದಿಲ್ಲ. ರಸೀದಿಯ ಮೊತ್ತ 5,000 ರೂಪಾಯಿ ಮೀರಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಬೇಕು. ತಪ್ಪಾದ ರಸೀದಿಯನ್ನು ಹರಿದೆಸೆಯದೆ 'ರದ್ದು' ಎಂದು ಬರೆದು ಪುಸ್ತಕದಲ್ಲೇ ಬಿಡಬೇಕು.

ಕೊಟ್ಟ ಪ್ರತಿಯೊಂದು ಮೊತ್ತಕ್ಕೂ ವೋಚರ್ ಇರಬೇಕು. ಅಂಗಡಿಯ ಬಿಲ್ಲು ಇದ್ದರೆ ಅದನ್ನು ಅಂಟಿಸಬೇಕು. ಆಟೋ, ಬಸ್ಸು, ಬೀದಿಬದಿಯ ಹೂವಿನವರ ಬಳಿ ಬಿಲ್ಲು ಸಿಗದು. ಆಗ ದಿನಾಂಕ, ಕಾರಣ, ಮೊತ್ತ ಬರೆದು ಖರ್ಚು ಮಾಡಿದವರು ಸಹಿ ಹಾಕಿದರೆ ಸಾಕು. ತನ್ನ ಖರ್ಚಿನ ವೋಚರಿಗೆ ಖಜಾಂಚಿ ತಾನೇ ಮಂಜೂರಾತಿ ಸಹಿ ಹಾಕಬಾರದು. ಕೆಲವು ಬಿಲ್ಲುಗಳ ಶಾಯಿ ಆರು ತಿಂಗಳಲ್ಲಿ ಮಾಸಿ ಹೋಗುವುದರಿಂದ ಮೊತ್ತವನ್ನು ಪೆನ್ನಿನಲ್ಲಿ ಪಕ್ಕದಲ್ಲಿ ಬರೆದು, ಫೋಟೋ ತೆಗೆದಿಡುವುದು ಒಳ್ಳೆಯದು.

ಕೈಯಲ್ಲಿ ಇಡುವ ನಗದಿಗೆ ಮಿತಿ ಇರಲಿ. ಸಣ್ಣ ಗುಂಪಿಗೆ 1,000 ರೂಪಾಯಿ ಸಾಕು, ಉಳಿದದ್ದು ಬ್ಯಾಂಕಿಗೆ. ಪಿ.ಜಿ.ಯ ಕಪಾಟು ಹಣ ಇಡುವ ಜಾಗವಲ್ಲ.

ಒಂದು ಲೆಕ್ಕದ ಮಾದರಿ

ಅರ್ಥವಾಗಲೆಂದು ಒಂದು ಕಾಲ್ಪನಿಕ ಉದಾಹರಣೆಯನ್ನು ಕೊಡುತ್ತೇವೆ. ಯಲಹಂಕದ ಒಂದು ಗುಂಪಿನಲ್ಲಿ ವರ್ಷದ ಆರಂಭದ ಶಿಲ್ಕು 3,850 ರೂಪಾಯಿ ಇತ್ತೆಂದು ಇಟ್ಟುಕೊಳ್ಳೋಣ.

ಜಮಾ: 38 ಸದಸ್ಯರ ಶುಲ್ಕ ತಲಾ 100ರಂತೆ 3,800. ಧ್ಯಾನಕೂಟಕ್ಕೆ 30 ಮಂದಿಯಿಂದ ತಲಾ 350ರಂತೆ 10,500. ವೃದ್ಧಾಶ್ರಮಕ್ಕೆಂದು ಕ್ರಿಸ್ಮಸ್ ಕ್ಯಾರಲ್ಸ್ ಹಾಡಿ ಸಂಗ್ರಹಿಸಿದ್ದು 12,460. ಒಟ್ಟು ಜಮಾ 26,760; ಆರಂಭದ ಶಿಲ್ಕು ಸೇರಿ 30,610.

ಖರ್ಚು: ಧ್ಯಾನಕೂಟದ ಬಸ್ಸಿಗೆ 6,500, ಊಟಕ್ಕೆ 5,600. ಕ್ಯಾರಲ್ಸ್ ದಿನದ ವಾಹನ ಮತ್ತು ಇತರ ಖರ್ಚು 1,240. ವೃದ್ಧಾಶ್ರಮಕ್ಕೆ ಕೊಟ್ಟದ್ದು 11,000. ಪುಸ್ತಕ, ಜೆರಾಕ್ಸ್ 310. ಒಟ್ಟು ಖರ್ಚು 24,650. ವರ್ಷಾಂತ್ಯದ ಶಿಲ್ಕು 5,960. ಇದರಲ್ಲಿ ಬ್ಯಾಂಕಿನಲ್ಲಿ 5,300, ಕೈಯಲ್ಲಿ 660 ಇದ್ದರೆ ಲೆಕ್ಕ ತಾಳೆಯಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಕೂಡಿಸಿ ಕಳೆದದ್ದು ಸರಿಯಾಯಿತು, ಖಜಾಂಚಿಯ ಕೆಲಸ ಮುಗಿಯಲಿಲ್ಲ. ಧ್ಯಾನಕೂಟಕ್ಕೆ ಬಂದದ್ದು 10,500, ಆದ ಖರ್ಚು 12,100. ಕೊರತೆಯ 1,600 ರೂಪಾಯಿಯನ್ನು ಸಾಮಾನ್ಯ ನಿಧಿಯಿಂದ ಭರಿಸಲಾಗಿದೆ. ಇದಕ್ಕೆ ಸಮಿತಿಯ ನಿರ್ಣಯ ಬೇಕು. ಕ್ಯಾರಲ್ಸ್ ಸಂಗ್ರಹದಿಂದ 1,240 ಕಳೆದರೆ ಉಳಿಯುವುದು 11,220; ವೃದ್ಧಾಶ್ರಮಕ್ಕೆ ತಲುಪಿದ್ದು 11,000. ಹಾಗಾದರೆ ಶಿಲ್ಕಿನಲ್ಲಿರುವ 5,960ರಲ್ಲಿ 220 ರೂಪಾಯಿ ಗುಂಪಿನದಲ್ಲ, ಆ ವೃದ್ಧರದು. ಅದನ್ನು ಪ್ರತ್ಯೇಕವಾಗಿ ತೋರಿಸಿ ತಲುಪಿಸಬೇಕು. ಆರ್.ಟಿ. ನಗರದ ಯಾವುದೋ ಮನೆಯ ಅಜ್ಜಿ ಡಬ್ಬಿಗೆ ಹಾಕಿದ ಹತ್ತು ರೂಪಾಯಿ ಅದರಲ್ಲಿದೆ. ಆಕೆ ಅದನ್ನು ವಿದ್ಯಾರ್ಥಿಗಳ ಜೆರಾಕ್ಸಿಗೆ ಕೊಟ್ಟದ್ದಲ್ಲ. ವಾಹನದ ಖರ್ಚನ್ನು ಸಂಗ್ರಹದಿಂದಲೇ ತೆಗೆಯುವುದಾದರೆ ಅದನ್ನೂ ಸಂಗ್ರಹಕ್ಕೆ ಹೊರಡುವ ಮೊದಲೇ ಹೇಳಿಬಿಡಬೇಕು.

ಕ್ಯಾರಲ್ಸ್ ಡಬ್ಬಿಯನ್ನು ಅದೇ ರಾತ್ರಿ, ಕನಿಷ್ಠ ಮೂವರ ಎದುರು ತೆರೆದು ಎಣಿಸಿ, ನೋಟು ನಾಣ್ಯಗಳ ವಿವರ ಬರೆದು, ಮೂವರೂ ಸಹಿ ಹಾಕುವ ಪದ್ಧತಿ ಎಲ್ಲೆಡೆ ಬರಲಿ.

ವಿದೇಶದಿಂದ ಬರುವ ಹಣ

ನಮ್ಮ ಕರಾವಳಿಯ ಮಕ್ಕಳು ಇರುವ ಗುಂಪುಗಳಲ್ಲಿ ಈ ಪ್ರಶ್ನೆ ಬಾರದೆ ಇರದು. ಕುವೈತಿನಲ್ಲಿರುವ ಮಾಮ, ಕೆನಡಾದಲ್ಲಿರುವ ದೊಡ್ಡಪ್ಪ 'ನಿಮ್ಮ ಕಾರ್ಯಕ್ರಮಕ್ಕೆ ಸ್ವಲ್ಪ ಕಳುಹಿಸುತ್ತೇನೆ' ಎನ್ನುತ್ತಾರೆ. ಒಳ್ಳೆಯ ಮನಸ್ಸಿನ ಮಾತು. ಆದರೆ ಇಲ್ಲಿ 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆ ಅನ್ವಯವಾಗುತ್ತದೆ.

ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಅವರು ಇರುವ ದೇಶವನ್ನಲ್ಲ, ಅವರ ಪಾಸ್‌ಪೋರ್ಟನ್ನು. ಭಾರತೀಯ ಪೌರರಾಗಿಯೇ ಉಳಿದು ಗಲ್ಫ್‌ನಲ್ಲಿ ದುಡಿಯುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ. ಆದರೂ ಕೊಟ್ಟವರು ಭಾರತೀಯ ಪಾಸ್‌ಪೋರ್ಟ್ ಹೊಂದಿರುವುದನ್ನು ಖಚಿತಪಡಿಸಿ ಬರೆದಿಡಬೇಕು. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಕುಂದಾಪುರದಲ್ಲೇ ಹುಟ್ಟಿದ್ದರೂ, ಕಾಯ್ದೆಯ ಪ್ರಕಾರ ವಿದೇಶಿ ಮೂಲವೇ. ಅವರಿಂದ ಹಣ ಪಡೆಯಲು ಸಂಘಕ್ಕೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ಪ್ರಕಾರ ಅಂತಹ ಹಣ ಮೊದಲು ನವದೆಹಲಿಯಲ್ಲಿರುವ ಭಾರತೀಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಹೀಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ವಿದ್ಯಾರ್ಥಿ ಗುಂಪಿಗೆ ಇದು ಆಗದ ಮಾತು. ಹಣವನ್ನು ತಮ್ಮನ ಮಗನ ಖಾತೆಗೆ ಹಾಕಿಸಿ ಅಲ್ಲಿಂದ ಗುಂಪಿಗೆ ದಾಟಿಸುವುದು ಪರಿಹಾರವಲ್ಲ, ಅದು ಹುಡುಗನನ್ನು ತೊಂದರೆಗೆ ದೂಡುವ ದಾರಿ. ದೊಡ್ಡಪ್ಪನಿಗೆ ವಿನಯದಿಂದ ಧನ್ಯವಾದ ಹೇಳಿ, ಪ್ರಾರ್ಥನೆಯಲ್ಲಿ ನೆನೆಯುವಂತೆ ಕೇಳಿಕೊಂಡರೆ ಸಾಕು. ಸಂದೇಹ ಬಂದಾಗ ಲೆಕ್ಕ ಪರಿಶೋಧಕರನ್ನು ಕೇಳದೆ ಮುಂದುವರಿಯಬಾರದು.

ತೆರಿಗೆ ವಿನಾಯಿತಿಯ ಬಗ್ಗೆಯೂ ಒಂದು ಮಾತು. ಆದಾಯ ತೆರಿಗೆ ಇಲಾಖೆಯ ಅನುಮೋದನೆ ಪಡೆದ ಸಂಸ್ಥೆ ಮಾತ್ರ ದಾನಿಗಳಿಗೆ ವಿನಾಯಿತಿಯ ಪ್ರಮಾಣಪತ್ರ ಕೊಡಬಲ್ಲದು; ಅದೂ ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟ ದೇಣಿಗೆಗೆ ಸಿಗದು. 'ನಿಮಗೆ ತೆರಿಗೆ ಉಳಿಯುತ್ತದೆ' ಎಂದು ಹೇಳಿ ಜಾಹೀರಾತು ಕೇಳುವ ಉತ್ಸಾಹಿ ಸದಸ್ಯರನ್ನು ಖಜಾಂಚಿ ತಡೆಯಬೇಕು.

ಕಷ್ಟದ ಸಂದರ್ಭಗಳು

ಸಾಲ: ಹಾಸ್ಟೆಲ್ ಶುಲ್ಕದ ಕೊನೆಯ ದಿನ ಗೆಳೆಯನೊಬ್ಬ ಬಂದು 'ಎರಡು ದಿನಕ್ಕೆ ಕೊಡು ಮಾರಾಯ' ಎನ್ನುತ್ತಾನೆ. ಖಜಾಂಚಿಯ ಬಳಿ ಹಣವಿದೆ, ಮನಸ್ಸೂ ಕರಗುತ್ತದೆ. ಆದರೆ ಕೊಡುವ ಅಧಿಕಾರ ಖಜಾಂಚಿಗಿಲ್ಲ. ಇಂತಹ ಸಹಾಯ ಬೇಕೆಂದು ಗುಂಪಿಗೆ ಅನಿಸಿದರೆ ಸಭೆಯಲ್ಲಿ ತೀರ್ಮಾನಿಸಿ ಪ್ರತ್ಯೇಕ ಸಹಾಯ ನಿಧಿ ಮಾಡಿಕೊಳ್ಳಲಿ. ಈ ನಿಯಮ ಖಜಾಂಚಿಗೂ ಅನ್ವಯ. ಬಸ್ಸಿನ ಟಿಕೆಟಿಗೆಂದು ತೆಗೆದ ಇನ್ನೂರು ರೂಪಾಯಿಯೂ ಸಾಲವೇ.

ಒತ್ತಡ: ಅಧ್ಯಕ್ಷರು ನಿರ್ಣಯವಿಲ್ಲದೆ ಹಣ ಕೇಳಿದರೆ 'ಅಧ್ಯಕ್ಷರೇ, ಸಮಿತಿಯವರ ಒಪ್ಪಿಗೆ ಬರೆದು ಕೊಡಿ, ಕೂಡಲೇ ಕೊಡುತ್ತೇನೆ' ಎಂದು ನಗುನಗುತ್ತಾ ಹೇಳುವ ಧೈರ್ಯ ಬೇಕು. ಕೂಡಿಸಿ ಕಳೆಯುವುದನ್ನು ಯಾರು ಬೇಕಾದರೂ ಕಲಿಯಬಹುದು. ಒಳ್ಳೆಯ ಮಾತಿನಲ್ಲಿ 'ಇಲ್ಲ' ಎನ್ನಬಲ್ಲವರನ್ನೇ ಖಜಾಂಚಿಯಾಗಿ ಆರಿಸಬೇಕು.

ಹಣ ಕಡಿಮೆ ಬಿದ್ದಾಗ: ಪುಸ್ತಕದಲ್ಲಿ 1,500 ಇದೆ, ಕೈಯಲ್ಲಿ 1,100 ಇದೆ. ಹೆದರಿ ಸ್ವಂತ ಜೇಬಿನಿಂದ ಗುಟ್ಟಾಗಿ ತುಂಬಿಸುವವರಿದ್ದಾರೆ. ಇದು ಪ್ರಾಮಾಣಿಕತೆಯಂತೆ ಕಂಡರೂ ತಪ್ಪು ಎಲ್ಲಿ ಆಯಿತೆಂಬುದನ್ನು ಮುಚ್ಚಿಬಿಡುತ್ತದೆ. ಅದೇ ದಿನ ಅಧ್ಯಕ್ಷರಿಗೂ ಸಚೇತಕರಿಗೂ ತಿಳಿಸಿ, ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದು, ಒಟ್ಟಿಗೆ ಹುಡುಕಬೇಕು. ಬರೆಯಲು ಮರೆತ ಒಂದು ವೋಚರ್ ಸಿಗುವುದೇ ಹೆಚ್ಚು.

ಸಂಶಯ ಬಂದಾಗ: ಸದಸ್ಯರು ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಹಾಕಿ ಅವಮಾನಿಸಬಾರದು. ಮೊದಲು ಒಬ್ಬರೇ ಹೋಗಿ ಕೇಳಬೇಕು, ಸರಿಯಾಗದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು, ಆಮೇಲೆ ಸಭೆಯ ಮುಂದಿಡಬೇಕು. ಸಂತ ಮತ್ತಾಯರ ಶುಭಸಂದೇಶದ 18ನೇ ಅಧ್ಯಾಯ ತೋರುವ ಈ ಕ್ರಮ ಹಣದ ವಿಷಯಕ್ಕೂ ಸಲ್ಲುತ್ತದೆ.

ವರದಿ ಮತ್ತು ತಪಾಸಣೆ

ತಿಂಗಳಿಗೊಮ್ಮೆ ಸಮಿತಿಯ ಮುಂದೆ ಐದು ನಿಮಿಷದ ಲೆಕ್ಕ: ಬಂದದ್ದು, ಹೋದದ್ದು, ಉಳಿದದ್ದು, ಕೊಡಬೇಕಾದದ್ದು. ಪ್ರತಿ ಕಾರ್ಯಕ್ರಮದ ಲೆಕ್ಕವನ್ನು ಅದು ಮುಗಿದ ಹತ್ತು ದಿನಗಳೊಳಗೆ ಮಂಡಿಸಬೇಕು. ವರ್ಷಾಂತ್ಯದಲ್ಲಿ ಸಮಿತಿಯಲ್ಲಿಲ್ಲದ ಇಬ್ಬರು ಪುಸ್ತಕ, ರಸೀದಿ, ಪಾಸ್‌ಬುಕ್ ತಾಳೆ ನೋಡಿ ಸಹಿ ಹಾಕಿ, ಮಹಾಸಭೆಯಲ್ಲಿ ಓದಬೇಕು. ನೋಂದಾಯಿತ ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ನೋಂದಣಾಧಿಕಾರಿಗಳಿಗೆ ವಾರ್ಷಿಕ ಲೆಕ್ಕಪತ್ರ ಹಾಗೂ ಪದಾಧಿಕಾರಿಗಳ ಪಟ್ಟಿ ಸಲ್ಲಿಸುವ ಹೊಣೆಯೂ ಇದೆ.

ಧರ್ಮಗುರುಗಳು, ಸಚೇತಕರು ಮತ್ತು ಭಕ್ತರಲ್ಲಿ ನಿವೇದನೆ

'ಲೆಕ್ಕ ಎಲ್ಲ ಬೇಡ ಮಗಾ, ನಿನ್ನ ಮೇಲೆ ನಮಗೆ ನಂಬಿಕೆ ಇದೆ' ಎಂದು ಪ್ರೀತಿಯಿಂದ ಹೇಳುವ ಹಿರಿಯರು ನಮ್ಮಲ್ಲಿ ಬಹಳ. ಆ ಪ್ರೀತಿಗೆ ನಮಿಸುತ್ತಲೇ ಹೇಳುತ್ತೇವೆ: ಈ ಮಾತು ಮಗುವನ್ನು ಒಂಟಿಯಾಗಿ ಬಿಡುತ್ತದೆ. ನಾಳೆ ಯಾರೋ ಪ್ರಶ್ನಿಸಿದಾಗ ಆತನ ಬೆಂಬಲಕ್ಕೆ ನಮ್ಮ ನಂಬಿಕೆ ನಿಲ್ಲುವುದಿಲ್ಲ, ಬರೆದ ಪುಸ್ತಕ ನಿಲ್ಲುತ್ತದೆ. ಆದ್ದರಿಂದ ದೇಣಿಗೆ ಕೊಟ್ಟವರು ರಸೀದಿ ಕೇಳಿ ಪಡೆಯಲಿ. ಸಚೇತಕರು ಮೂರು ತಿಂಗಳಿಗೊಮ್ಮೆಯಾದರೂ ಪುಸ್ತಕ ತೆರೆಸಿ ನೋಡಲಿ. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮವರಲ್ಲಿ ಬ್ಯಾಂಕ್ ನೌಕರರು, ಲೆಕ್ಕ ಪರಿಶೋಧಕರು ಅನೇಕರಿದ್ದಾರೆ. ವರ್ಷಕ್ಕೊಂದು ಭಾನುವಾರ, ಬಲಿಪೂಜೆಯ ನಂತರ ಎರಡು ಗಂಟೆ ಕುಳಿತು ವಿದ್ಯಾರ್ಥಿ ಖಜಾಂಚಿಗಳಿಗೆ ಕಲಿಸಿದರೆ ಅದು ದೊಡ್ಡ ಸೇವೆ.

ನಿಯಮ 537ರ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಇಂದು ಯಲಹಂಕದ ಪಿ.ಜಿ.ಯಲ್ಲಿ ಕುಳಿತು 220 ರೂಪಾಯಿಯ ವ್ಯತ್ಯಾಸ ಹುಡುಕುವ ಹುಡುಗಿಯೇ ಹತ್ತು ಹದಿನೈದು ವರ್ಷಗಳ ನಂತರ ಹೆಬ್ಬಾಳದಲ್ಲೋ ನಮ್ಮ ಕರಾವಳಿಯ ಚರ್ಚಿನಲ್ಲೋ ಆ ಸಮಿತಿಯಲ್ಲಿ ಕೂರುವವಳು. ಈ ಶೈಕ್ಷಣಿಕ ವರ್ಷದಲ್ಲಿ ಆಯ್ಕೆಯಾದ ಎಲ್ಲ ಖಜಾಂಚಿಗಳಿಗೂ ಸಂತ ಲಾರೆನ್ಸರ ಬಿನ್ನಹದ ಮೂಲಕ ವಿವೇಕವೂ ಧೈರ್ಯವೂ ದೊರೆಯಲಿ ಎಂದು ಪ್ರಾರ್ಥಿಸುತ್ತೇವೆ.